ಐವರ ಲೆಕ್ಕದಲ್ಲಿ ಅಜ್ಜಿಗೆಲ್ಲಿ ಸ್ಥಾನ?

ಜೆರುಸಲೇಮಿನ ಆದಿ ಸಭೆಯಲ್ಲಿ ಎದ್ದ ಗೊಣಗಾಟವೊಂದು ನಿಮಗೆ ನೆನಪಿದೆಯೇ? ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದೇ ಆ ದೂರು. ಹಂಚುವವರ ಮನಸ್ಸಿನಲ್ಲಿ ಕೇಡಿತ್ತೆಂದು ಅಲ್ಲಿ ಹೇಳಿಲ್ಲ. ಲೆಕ್ಕ ಹಾಕುವಾಗ ಕೆಲವರು ಬಿಟ್ಟುಹೋಗುತ್ತಿದ್ದರು, ಅಷ್ಟೆ. ಪ್ರೇಷಿತರು ಆ ದೂರನ್ನು ತಳ್ಳಿಹಾಕದೆ ಏಳು ಮಂದಿಯನ್ನು ಆ ಕೆಲಸಕ್ಕೆಂದೇ ನೇಮಿಸಿದರು.

ನಮ್ಮ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಬಡ ವೃದ್ಧರ ಆಸ್ಪತ್ರೆ ಖರ್ಚನ್ನು ಯಾರು ಹೊತ್ತರು ಎಂಬ ಚರಿತ್ರೆಯನ್ನು ಹಿಂದಿರುಗಿ ನೋಡುವಾಗ ಈ ಅಧ್ಯಾಯ ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆ. ಯೋಜನೆಗಳು ಕಡಿಮೆಯೇನೂ ಆಗಲಿಲ್ಲ. ಆದರೆ ಪ್ರತಿಯೊಂದು ಯೋಜನೆಯ ಲೆಕ್ಕದಲ್ಲಿಯೂ ಯಾರೋ ಬಿಟ್ಟುಹೋದರು. ಬಹುಮಟ್ಟಿಗೆ ಹಾಗೆ ಬಿಟ್ಟುಹೋದವರು ವಯಸ್ಸಾದವರು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ನೌಕರರ ರಾಜ್ಯ ವಿಮಾ ಕಾಯಿದೆ ಅಂಗೀಕಾರವಾಯಿತು. ಕಾರ್ಖಾನೆಯ ಕಾರ್ಮಿಕನ ಕೂಲಿಯಿಂದ ಒಂದಂಶ, ಮಾಲೀಕನಿಂದ ಒಂದಂಶ ಸೇರಿ ಚಿಕಿತ್ಸೆಯ ವೆಚ್ಚ ಭರಿಸುವ ಏರ್ಪಾಡು ಅದು. ಆದರೆ ಗಣಿ ಕಾಯಿದೆಗೆ ಒಳಪಟ್ಟ ಗಣಿಗಳನ್ನು ಅದು ಹೊರಗಿಟ್ಟಿತ್ತು. ಸಂಡೂರಿನ ಬೆಟ್ಟಗಳಲ್ಲಿ ಅದಿರು ಒಡೆದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅವರಿಗಾಗಿ ಬೇರೊಂದು ದಾರಿ ತೆರೆಯಿತು. 1961ರಲ್ಲಿ ಒಮ್ಮೆ, 1976ರಲ್ಲಿ ಮತ್ತೊಮ್ಮೆ ಸಂಸತ್ತು ಕಾನೂನು ಮಾಡಿ, ಅದಿರಿನ ಮೇಲೆಯೇ ಸಣ್ಣದೊಂದು ಸೆಸ್ ಹಾಕಿ, ಆ ಹಣದಿಂದ ಗಣಿ ಕಾರ್ಮಿಕರ ಕಲ್ಯಾಣ ನಿಧಿಯನ್ನು ನಡೆಸಿತು. ಹೊಸಪೇಟೆಯ ಮಗ್ಗುಲಿನ ಕಾರಿಗನೂರಿನಲ್ಲಿ ಗಣಿ ಕಾರ್ಮಿಕರ ಕೇಂದ್ರ ಆಸ್ಪತ್ರೆ ನಡೆದದ್ದು ಈ ಕಲ್ಯಾಣ ವ್ಯವಸ್ಥೆಯ ಅಡಿಯಲ್ಲಿಯೇ. ಬೆಟ್ಟದ ಮಣ್ಣು ತಾನೇ ತನ್ನನ್ನು ಅಗೆದವನ ಔಷಧಕ್ಕೆ ಕಾಸು ಕೊಟ್ಟಂತೆ! ಇಷ್ಟು ನೇರವಾದ ನ್ಯಾಯ ಮುಂದೆ ಬಂದ ಯೋಜನೆಗಳಲ್ಲಿ ಕಾಣುವುದು ಅಪರೂಪವೆಂದೇ ನನ್ನ ಅನಿಸಿಕೆ. ಆದರೂ ಆ ನಿಧಿ ಕಣ್ಣಿಟ್ಟದ್ದು ದುಡಿಯುವ ಕೈಗಳ ಮೇಲೆ. ಗುತ್ತಿಗೆದಾರನ ಪುಸ್ತಕದಲ್ಲಿ ಹೆಸರೇ ಇಲ್ಲದೆ ಬುಟ್ಟಿ ಹೊತ್ತ ಹೆಂಗಸು ಅರವತ್ತು ದಾಟಿದ ಮೇಲೆ ತಾನು ಗಣಿಯವಳೆಂದು ಯಾವ ಕಾಗದ ತೋರಿಸಬೇಕು? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ದುಡಿಯುವ ಕೈಗಳಿಗೂ ಕೆಲಸ ತಪ್ಪಿತು. ಆ ಸೆಸ್ಸನ್ನೂ ಅನಂತರ ರದ್ದುಪಡಿಸಲಾಯಿತು.

ಕಂಪ್ಲಿಯ ಗದ್ದೆಗಳ ಕಡೆಗೆ ಸರ್ಕಾರದ ದೃಷ್ಟಿ ಹರಿದದ್ದು ಬಹಳ ತಡವಾಗಿ. 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಕಾರ್ಯಾರಂಭ ಮಾಡಿತು. ಸಹಕಾರ ಸಂಘದ ಸದಸ್ಯನಾದ ರೈತ ಆಗ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಉಳಿದುದಕ್ಕೆ ಸರ್ಕಾರ ಕೈಜೋಡಿಸುತ್ತಿತ್ತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ ಮೂಡಿದ ಈ ಯೋಜನೆಗೆ ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ತಿಂಗಳಿಗೆ ಐದು ರೂಪಾಯಿಯಲ್ಲಿ ಶಸ್ತ್ರಚಿಕಿತ್ಸೆ ಎಂದರೆ ಅಂದು ನಂಬುವುದೇ ಕಷ್ಟವಾಗಿತ್ತು. ಆದರೆ ಅಲ್ಲಿಯೂ ಎರಡು ಬಾಗಿಲುಗಳಿದ್ದವು. ಸಂಘದ ಸದಸ್ಯನಲ್ಲದ ಕೂಲಿಯಾಳಿಗೆ ಒಂದು ಬಾಗಿಲು ಮುಚ್ಚಿತ್ತು. 75 ವರ್ಷ ದಾಟಿದವರಿಗೆ ಇನ್ನೊಂದು.

ಅದೇ 2003ರಲ್ಲಿ ಕೇಂದ್ರ ಸರ್ಕಾರವೂ ಸಾರ್ವತ್ರಿಕ ಆರೋಗ್ಯ ವಿಮಾ ಯೋಜನೆಯನ್ನು ತಂದಿತು. ದಿನಕ್ಕೊಂದು ರೂಪಾಯಿಯಂತೆ ಒಬ್ಬರಿಗೆ ವರ್ಷಕ್ಕೆ 365 ರೂಪಾಯಿ ಕಂತು, 30,000 ರೂಪಾಯಿಯವರೆಗೆ ಚಿಕಿತ್ಸೆ. ಬಡತನದ ರೇಖೆಯ ಕೆಳಗಿನವರ ಕಂತಿಗೆ ಮೊದಲು 100 ರೂಪಾಯಿ ಸಹಾಯಧನ, 2004ರಿಂದ ಒಬ್ಬರಿಗೆ 200 ರೂಪಾಯಿ. ವಿಮೆಯ ಕಂತಿಗೇ ಸರ್ಕಾರ ನೇರವಾಗಿ ಹಣ ಕೊಟ್ಟ ಈ ಯೋಜನೆಯಲ್ಲಿ ವಯಸ್ಸಿನ ಮಿತಿ ಆರಂಭದಲ್ಲಿ 65 ವರ್ಷ! ರೋಗ ಬರುವ ಹೊತ್ತಿಗೆ ಸರಿಯಾಗಿ ಕೊಡೆ ಮಡಚಿದಂತೆ.

2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಈ ತಪ್ಪನ್ನು ತಿದ್ದಿತು. ವಯಸ್ಸಿನ ಮಿತಿಯನ್ನು ತೆಗೆಯಿತು. ಮನೆಯವರು ಕೊಡಬೇಕಾದದ್ದು 30 ರೂಪಾಯಿ ನೋಂದಣಿ ಶುಲ್ಕ ಮಾತ್ರ. ಕಂತಿನ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಆದರೆ ಒಂದು ಸ್ಮಾರ್ಟ್ ಕಾರ್ಡಿನಲ್ಲಿ ಐವರಿಗೆ ಮಾತ್ರ ಜಾಗ: ಯಜಮಾನ, ಅವನ ಹೆಂಡತಿ, ಅವಲಂಬಿತರಾದ ಇನ್ನು ಮೂವರು. ಓದುಗರೇ, ನೀವೇ ಆ ಮನೆಯ ಯಜಮಾನರಾಗಿ ಕುಳಿತು ಯೋಚಿಸಿ. ಮಕ್ಕಳು ಮೂವರು, ಮೂಲೆಯಲ್ಲಿ ಕೆಮ್ಮುತ್ತಿರುವ ತಾಯಿ ಒಬ್ಬಳು. ಯಾರ ಹೆಸರು ಬರೆಸುತ್ತೀರಿ? ಅಜ್ಜಿಯನ್ನು ಕೇಳಿದರೆ ಅವಳೇ ಹೇಳುತ್ತಾಳೆ, “ನಂದ್ಯಾಕಪ್ಪ, ಕೂಸಿಂದು ಬರ್ಸು” ಎಂದು. ಕಾನೂನು ಅವಳನ್ನು ಹೊರಗಿಡಲಿಲ್ಲ, ಅವಳ ಪ್ರೀತಿಯೇ ಹೊರಗಿಟ್ಟಿತು. 2016ರಲ್ಲಿ ಅರವತ್ತು ದಾಟಿದವರಿಗೆಂದು ಈ ಯೋಜನೆಯ ಮೇಲೆ ಇನ್ನೂ 30,000 ರೂಪಾಯಿ ಸೇರಿಸಿದರು. ಆದರೆ ಅದು ಕಾರ್ಡಿನಲ್ಲಿ ಮೊದಲೇ ಹೆಸರಿದ್ದವರಿಗೆ ಸಂದ ಸವಲತ್ತು.

ಈ ಚರಿತ್ರೆಯಲ್ಲಿ ನಮ್ಮ ಸೀಮೆ ಎಲ್ಲರಿಗಿಂತ ಮುಂದೆ ನಿಂತ ಗಳಿಗೆಯೂ ಒಂದುಂಟು. 2010ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಆರಂಭಿಸಿದ್ದು ಅಂದಿನ ಗುಲ್ಬರ್ಗ ವಿಭಾಗದಲ್ಲಿ. ಬಳ್ಳಾರಿ ಜಿಲ್ಲೆ ಅದರೊಳಗಿತ್ತು. ಬಿ.ಪಿ.ಎಲ್. ಕುಟುಂಬಕ್ಕೆ ಕಂತೇ ಇಲ್ಲದೆ, ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತಿತ್ತು. ಹಳ್ಳಿಗಳ ಬಳಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ, ದೂರದ ನಗರಗಳ ಆಸ್ಪತ್ರೆಗೆ ಕಳುಹಿಸುತ್ತಿದ್ದರು. ದಕ್ಷಿಣದ ಜಿಲ್ಲೆಗಳಿಗೆ ಇದು ವಿಸ್ತರಿಸಿದ್ದು 2012ರಲ್ಲಿ. ಈ ನಡುವಿನ ಎರಡು ವರ್ಷ ಕೂಡ್ಲಿಗಿಯ ಬಡವನಿಗೆ ಸಿಕ್ಕ ಹೃದಯ ಚಿಕಿತ್ಸೆ ಪಕ್ಕದ ಹರಪನಹಳ್ಳಿಯ ಬಡವನಿಗಿರಲಿಲ್ಲ, ಏಕೆಂದರೆ ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು. ಈ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯೋಜನೆ ಚಿಕಿತ್ಸೆ ನೀಡುತ್ತಿದ್ದ ಕಾಯಿಲೆಗಳಿಂದಾದ ಸಾವು, ಯೋಜನೆಯಿದ್ದ ಕಡೆಯ ಬಡ ಮನೆಗಳಲ್ಲಿ ನೂರಕ್ಕೆ 0.32, ಇಲ್ಲದ ಕಡೆ 0.90. ಕಂದಾಯ ವಿಭಾಗದ ನಕ್ಷೆಯ ಒಂದು ಗೆರೆ ಬದುಕು ಸಾವುಗಳ ಗೆರೆಯೂ ಆಯಿತು.

ಮುಂದಿನದು ನಿಮಗೆ ತಿಳಿದದ್ದೇ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಬಂದಿತು. ಹಳೆಯ ಯೋಜನೆಗಳು ಅದರಲ್ಲಿ ಲೀನವಾದವು. ಅಕ್ಟೋಬರಿನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಒಂದಾಯಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಐವರ ಲೆಕ್ಕ ಕೊನೆಗೂ ಅಳಿಯಿತು. ಕುಟುಂಬ ಎಷ್ಟೇ ದೊಡ್ಡದಿರಲಿ, ವಯಸ್ಸು ಎಷ್ಟೇ ಇರಲಿ, ಅಡ್ಡಿಯಿಲ್ಲ. ಯಶಸ್ವಿನಿಯೂ 2023ರ ಜನವರಿಯಿಂದ ಮರುಹುಟ್ಟು ಪಡೆಯಿತು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದವರಿಗೆಲ್ಲ, ಆದಾಯ ನೋಡದೆ, ವಯೋವಂದನ ಕಾರ್ಡನ್ನು ಬಿಡುಗಡೆ ಮಾಡಿತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಶೇಕಡ 18ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಯಿತು. ಆದರೆ ಹಂಪಿಯ ಬಾಳೆಹಣ್ಣು ಮಾರುವ ಮುದುಕಿ ಅಂಥ ಪಾಲಿಸಿ ಕೊಳ್ಳುವುದು ಎಲ್ಲಿಂದ ಬಂತು?

ಹಾಗಾದರೆ ಇಂದು ಯಾರು ಬಿಟ್ಟುಹೋಗುತ್ತಿದ್ದಾರೆ? ಬಿ.ಪಿ. ಮತ್ತು ಸಕ್ಕರೆ ಕಾಯಿಲೆಗೆ ದಿನನಿತ್ಯ ನುಂಗುವ ಮಾತ್ರೆ, ಮುಖ್ಯವಾಗಿ ಒಳರೋಗಿಯ ಚಿಕಿತ್ಸೆಗೆಂದು ರೂಪಿಸಿದ ಈ ಕಾರ್ಡುಗಳ ಲೆಕ್ಕಕ್ಕೆ ಬರುವುದಿಲ್ಲ. ತುರ್ತು ಸಂದರ್ಭದ ಹೊರತು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಮಾತ್ರ ಶಿಫಾರಸು ಪತ್ರ. ಮಗನ ಪಡಿತರ ಚೀಟಿಯಿಂದ ಹೆಸರು ತೆಗೆಸಿಕೊಂಡು, ಬೇರೆ ಚೀಟಿ ಸಿಗದೆ ಉಳಿದ ತಾಯಂದಿರೂ ಇದ್ದಾರೆ.

ಇನ್ನೊಂದು ತೊಡಕು ವಯಸ್ಸಿನದೇ. ಎಪ್ಪತ್ತು ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಆಧಾರ್ ಚೀಟಿ. ನಮ್ಮ ಹಿರಿಯರಲ್ಲಿ ಅನೇಕರಿಗೆ ಅದರಲ್ಲಿ ಅಂದಾಜಿನ ಇಸವಿ ಬಿದ್ದಿದೆ, ಜನವರಿ ಒಂದನೆಯ ತಾರೀಖಿನೊಡನೆ. ಆದರೆ ಧರ್ಮಕೇಂದ್ರದ ಕಪಾಟಿನಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕವಿದೆ. ಎಳೆಯ ಕೂಸಾಗಿ ಜ್ಞಾನಸ್ನಾನ ಪಡೆದವರ ಹುಟ್ಟಿದ ದಿನವನ್ನು ಅಂದಿನ ಗುರುಗಳು ಅದರಲ್ಲಿ ಬರೆದಿಟ್ಟಿರುತ್ತಾರೆ. ಅದು ತಿದ್ದುಪಡಿಗೆ ಪುರಾವೆಯಾಗಿ ಸಲ್ಲುವುದೇ ಎಂಬುದನ್ನು ಆಧಾರ್ ಕೇಂದ್ರದಲ್ಲಿ ವಿಚಾರಿಸಬೇಕು. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುರುಗಳನ್ನು ಕೇಳಿ ಆ ಪುಸ್ತಕವನ್ನೊಮ್ಮೆ ತೆಗೆಸಿ ನೋಡಿ. ಅಜ್ಜಿಯನ್ನೂ ಜೊತೆಗೆ ಕರೆದೊಯ್ಯಿರಿ. ತನ್ನ ನಿಜವಾದ ವಯಸ್ಸು ಎಷ್ಟೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.