ಇಮೇಲ್ ಲೋಕದಲ್ಲಿ ಸ್ಥಿರ ವಿಳಾಸಕ್ಕೆ ಬಂದ ಮನ್ನಣೆ

1982ರ ಆಗಸ್ಟ್‌ನಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಎಸ್‌ಎಂಟಿಪಿ ಎಂಬ ಇಮೇಲ್ ರವಾನೆಯ ನಿಯಮಾವಳಿಯು ಜಾಲಕ್ಕೆ ಸೇರಿದ ಎಲ್ಲ ಕಂಪ್ಯೂಟರುಗಳನ್ನೂ ಸಮಾನವಾಗಿ ಕಂಡಿತು. ಯಾವ ಯಂತ್ರ ಬೇಕಾದರೂ ಮತ್ತೊಂದಕ್ಕೆ ನೇರವಾಗಿ ಪತ್ರ ತಲುಪಿಸಬಹುದಾಗಿತ್ತು, ಕಳುಹಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಂದಿನ ಯಂತ್ರಗಳು ಬಹುಪಾಲು ವಿಶ್ವವಿದ್ಯಾಲಯ, ಸಂಶೋಧನಾಲಯಗಳಿಗೆ ಸೇರಿದ್ದು, ಅವುಗಳ ಐಪಿ ವಿಳಾಸ, ಅಂದರೆ ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ, ಸಾಮಾನ್ಯವಾಗಿ ಬದಲಾಗದ ಕಾರಣ ಹೊಣೆಗಾರರನ್ನು ಪತ್ತೆಹಚ್ಚುವುದು ಸುಲಭವಾಗಿತ್ತು.

ತೊಂಬತ್ತರ ದಶಕದಲ್ಲಿ ದೂರವಾಣಿ ಕರೆಯ ಮೂಲಕ ಜಾಲ ಸೇರುವ ಡಯಲ್-ಅಪ್ ಸಂಪರ್ಕ ಮನೆಗಳಿಗೆ ಬಂದಾಗ ಈ ಸ್ಥಿತಿ ಬದಲಾಯಿತು. 32 ಬಿಟ್‌ಗಳ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಗ್ರಾಹಕರೆಲ್ಲರೂ ಒಂದೇ ಹೊತ್ತಿಗೆ ಸಂಪರ್ಕದಲ್ಲಿ ಇರುವುದಿಲ್ಲವಾದ್ದರಿಂದ ಸೇವಾ ಸಂಸ್ಥೆಗಳು ಕರೆ ಮಾಡಿದವರಿಗೆ ಖಾಲಿಯಿದ್ದ ವಿಳಾಸವೊಂದನ್ನು ಕೊಟ್ಟು, ಕರೆ ಮುಗಿದೊಡನೆ ಹಿಂಪಡೆದವು. ಛತ್ರದ ಕೋಣೆಯಂತೆ ಕೈ ಬದಲಿಸುವ ಇಂಥ ವಿಳಾಸವೇ ಡೈನಾಮಿಕ್ ಐಪಿ. ಸ್ಪ್ಯಾಮ್, ಅಂದರೆ ಬೇಡದ ಜಾಹೀರಾತು ಪತ್ರಗಳನ್ನು ರಾಶಿರಾಶಿಯಾಗಿ ಕಳುಹಿಸುವವರಿಗೆ ಇದು ಒಳ್ಳೆಯ ಮರೆಯಾಯಿತು.

1997ರಲ್ಲಿ ಜಾಲ ತಂತ್ರಜ್ಞ ಪಾಲ್ ವಿಕ್ಸಿ ಮುಂತಾದವರು ಸ್ಪ್ಯಾಮ್ ಮೂಲಗಳ ಕಪ್ಪುಪಟ್ಟಿಯನ್ನು ಆರಂಭಿಸಿದರು. ಇಂಥ ಪಟ್ಟಿಗಳು ಕೆಲಸ ಮಾಡುವ ಬಗೆ ಸರಳವಾದುದು: 192.0.2.10 ಎಂಬ ವಿಳಾಸದಿಂದ ಪತ್ರ ಬಂದರೆ, ಸ್ವೀಕರಿಸುವ ಸರ್ವರ್ ಆ ಅಂಕಿಗಳನ್ನು 10.2.0.192 ಎಂದು ತಿರುಗಿಸಿ, ಪಟ್ಟಿಯ ಹೆಸರನ್ನು ಜೋಡಿಸಿ, ಡಿಎನ್‌ಎಸ್ ಎಂಬ ಹೆಸರು ಹುಡುಕುವ ವ್ಯವಸ್ಥೆಯಲ್ಲಿ ವಿಚಾರಿಸುತ್ತದೆ, 127.0.0.2ರಂಥ ಉತ್ತರ ಬಂದರೆ ಆ ವಿಳಾಸ ಪಟ್ಟಿಯಲ್ಲಿದೆ ಎಂದರ್ಥ.

ಕೈ ಬದಲಿಸುವ ವಿಳಾಸಗಳನ್ನು ಒಂದೊಂದಾಗಿ ಪಟ್ಟಿಮಾಡಿ ಪ್ರಯೋಜನವಿಲ್ಲವಾದ್ದರಿಂದ, ಮುಂದೆ ಡಯಲ್-ಅಪ್ ವಿಳಾಸಗಳನ್ನು ಇಡಿಯಾಗಿ ಸೇರಿಸಿದ ಪಟ್ಟಿಗಳು ಬಂದವು. 2003ರ ಸೋಬಿಗ್‌ನಂಥ ವೈರಸ್‌ಗಳು ಮನೆಯ ಕಂಪ್ಯೂಟರುಗಳನ್ನು ಒಡೆಯರಿಗೆ ತಿಳಿಯದಂತೆ ಸ್ಪ್ಯಾಮ್ ಸಾಗಣೆಗೆ ಬಳಸಿಕೊಂಡ ಮೇಲೆ ಈ ಕ್ರಮಕ್ಕೆ ಬಲ ಬಂದು, ಹಲವು ಸೇವಾ ಸಂಸ್ಥೆಗಳು ಸರ್ವರುಗಳ ನಡುವಣ ಅಂಚೆ ಸಾಗುವ 25ನೆಯ ಪೋರ್ಟ್ ಎಂಬ ದ್ವಾರವನ್ನೇ ಮನೆಯ ಗ್ರಾಹಕರಿಗೆ ಮುಚ್ಚಿದವು. ಕಳುಹಿಸುವವರನ್ನು ಡೊಮೇನ್ ಹೆಸರಿನಿಂದ ಗುರುತಿಸುವ ವಿಧಾನಗಳಾದ ಎಸ್‌ಪಿಎಫ್ 2006ರಲ್ಲಿ, ಡಿಕಿಮ್ 2007ರಲ್ಲಿ ಪ್ರಕಟವಾದರೂ ವಿಳಾಸದ ಪೂರ್ವಚರಿತ್ರೆಯ ತೂಕ ಉಳಿದೇ ಇತ್ತು. ಸ್ಥಿರ ಐಪಿ ಪಡೆದವರೂ ಅದರ ಹಿಂದಿನ ಬಳಕೆದಾರರ ಅಪಕೀರ್ತಿಯನ್ನು ಹೊರಬೇಕಾಗಬಹುದು.

ಸ್ಪ್ಯಾಮಿನ ಹಾವಳಿಗೆ ತಡೆ ಬೇಕಿತ್ತೆಂಬುದು ನಿರ್ವಿವಾದ. ಆದರೆ ವಿಳಾಸಗಳ ಕೊರತೆಯಿಂದ ಹುಟ್ಟಿದ ಒಂದು ಹಂಚಿಕೆಯ ಪದ್ಧತಿಯೇ ಪ್ರಾಮಾಣಿಕತೆಯ ಅಳತೆಗೋಲಾದುದರಿಂದ, ಯಾವ ತಪ್ಪೂ ಮಾಡದ ಸಾಮಾನ್ಯ ಬಳಕೆದಾರರು ತಮ್ಮ ಮನೆಯಿಂದಲೇ ಸ್ವಂತ ಅಂಚೆ ಸರ್ವರ್ ನಡೆಸುವ ಸ್ವಾತಂತ್ರ್ಯವನ್ನು ಬಹುಮಟ್ಟಿಗೆ ಕಳೆದುಕೊಂಡರು ಎಂಬುದನ್ನು ಇಮೇಲ್‌ನ ಚರಿತ್ರೆ ಮರೆಯಬಾರದು.