ಬಾಯಿಪಾಠದ ಕಡತ: ರಮೇಶ್ ಶೋತಮ್ ಮತ್ತು ಬೆಂಗಳೂರಿನ ಲಯಶಾಲೆ

ಜಾಜ್ ಡ್ರಮ್ಮರ್ ಮ್ಯಾಕ್ಸ್ ರೋಚ್ (1924–2007) ಅವರ ಕಾಗದಪತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಪತ್ರ, ಸ್ವರಲಿಪಿ, ಫೋಟೊ, ಧ್ವನಿಮುದ್ರಣ ಎಲ್ಲ ಸೇರಿ ಲಕ್ಷಕ್ಕೂ ಮೀರಿದ ಬಿಡಿಗಳು; ಅಮಿರಿ ಬರಾಕ ಜತೆ ಬರೆಯಹೊರಟ ಆತ್ಮಕಥೆಯ ಕರಡೂ ಅಲ್ಲಿದೆ. ಬೆಂಗಳೂರಿನಲ್ಲಿ ಲಯ ಕಲಿತು ಜಾಜ್‌ಗೆ ಹೋದವರ ದಾಖಲೆ ಹುಡುಕುವವರು ಮಾತ್ರ ಇಂಥ ಪೆಟ್ಟಿಗೆಗಳನ್ನು ನಂಬಿ ಕೂರುವಂತಿಲ್ಲ.

ಅಂಥವರಲ್ಲೊಬ್ಬರಾದ ರಮೇಶ್ ಶೋತಮ್ 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ‘ಹ್ಯೂಮನ್ ಬಾಂಡೇಜ್’ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನಲ್ಲಿ ತವಿಲ್ ಕಲಿತರು. 1964ರಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಶಾಲೆ ಅದು. ಶೋತಮ್ ಮುಂದೆ ಜರ್ಮನಿಯ ಕಲೋನ್‌ನಲ್ಲಿ ನೆಲೆಸಿದರು. ತವಿಲ್‌ನಲ್ಲಿ ಬಲಗೈ ಬೆರಳುಗಳಿಗೆ ಗಟ್ಟಿ ಗವಸು, ಎಡಗೈಗೆ ಕೋಲು. ಡ್ರಮ್‌ಸೆಟ್‌ನಲ್ಲಿ ಎರಡೂ ಕೈಗೆ ಕೋಲು, ಮೇಲೆ ಕಾಲಿಗೂ ಕೆಲಸ. ಕೈಯ ಅಭ್ಯಾಸ ಇದ್ದಕ್ಕಿದ್ದಂತೆ ದಾಟಿ ಹೋಗುವುದಿಲ್ಲ. ದಾಟುವುದು ಲಯದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲು.

ಆದಿತಾಳದ ಎಂಟು ಎಣಿಕೆಯನ್ನು ಚತುರಶ್ರದಲ್ಲಿ, ಅಂದರೆ ನಾಲ್ಕು ನಾಲ್ಕಾಗಿ, ಒಡೆದರೆ ಮೂವತ್ತೆರಡು ಅಕ್ಷರ. ‘ತಕ ತಕಿಟ’ ಎಂದು ಆರು ಸಲ ಹೇಳಿ, ಮೂವತ್ತಾಯಿತು. ಮಿಕ್ಕ ಎರಡಕ್ಕೆ ಒಂದು ‘ತಕ’, ತಾಳದ ಮೊದಲೆಣಿಕೆಯಾದ ಸಮಕ್ಕೆ ಬಂದು ನಿಂತಿರಿ. ಜಾಜ್‌ನ ನಾಲ್ಕರ ನಡೆಯಲ್ಲಿ ಎರಡು ಬಾರ್‌ಗೆ, ಬೀಟಿಗೆ ನಾಲ್ಕರಂತೆ, ಲೆಕ್ಕ ಇಷ್ಟೇ. ಇದನ್ನು ಹೇಳಿಕೊಡಲು ಕಾಗದ ಬೇಕಿಲ್ಲ. ಇಂಥವರ ಕಡತ ತೆಳ್ಳಗಾಗಲು ನಿರ್ಲಕ್ಷ್ಯ ಒಂದೇ ಕಾರಣವಲ್ಲ ಎಂಬುದು ನನ್ನ ವಾದ.

ಹಾಗಾಗಿ ಧ್ವನಿತಟ್ಟೆಗಳ ಹೊದಿಕೆಯನ್ನೇ ದಾಖಲೆಯಾಗಿ ಓದಬೇಕಾಗುತ್ತದೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇದೇ ಶಾಲೆಯವರೊಂದಿಗೆ 1983ರಲ್ಲಿ ‘ಜ್ಯೋತಿ’ಯನ್ನು ಮುದ್ರಿಸಿದರು. ಇ.ಸಿ.ಎಂ. ಕಂಪನಿ ತಂದ ಆ ತಟ್ಟೆಯಲ್ಲಿ ಆರ್.ಎ. ರಮಾಮಣಿಯವರ ಹಾಡುಗಾರಿಕೆ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಹೆಸರಿನ ಮುಂದೆ ಘಟ, ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಮುಂದೆ ಖಂಜಿರ. ಇಬ್ಬರಿಗೂ ಕೊನ್ನಕ್ಕೋಲು. ಬಾಯಿಯೂ ವಾದ್ಯಗಳ ಸಾಲಿನಲ್ಲಿ ನಮೂದಾಗಿದೆ! ಒಂಬತ್ತು ವರ್ಷದ ತರುವಾಯ, ಲೆಬನಾನಿನ ಊದ್ ವಾದಕ ರಬೀಹ್ ಅಬು ಖಲೀಲ್ ಅವರ ‘ಬ್ಲೂ ಕ್ಯಾಮೆಲ್’ನಲ್ಲಿ ಮರಿಯಾನೊ ಜತೆ ಶೋತಮ್ ಇದ್ದಾರೆ. ಅಲ್ಲಿ ಅವರ ಪಾಲಿಗೆ ಬಂದದ್ದು ‘ದಕ್ಷಿಣ ಭಾರತದ ಡ್ರಮ್ಸ್’ ಎಂಬ ಒಟ್ಟು ಹೆಸರು. ತವಿಲ್ ಯಾವುದು, ಘಟ ಯಾವುದು ಎಂದು ಕೇಳುಗನೇ ಗುರುತಿಸಿಕೊಳ್ಳಬೇಕು.

ದೋಹಾದ ದಕ್ಷಿಣಕ್ಕಿರುವ ಅಲ್ ವುಕೈರ್‌ನಲ್ಲಿ ಕೂತು ಇದನ್ನು ಕೇಳುವಾಗ ಊದ್ ನೆರೆಮನೆಯ ದನಿ, ಘಟ ತವರಿನದು. ಪಟ್ಟಿ ಮಾಡುವ ಗ್ರಂಥಪಾಲಕನಿಗೆ ಈ ಎರಡೂ ಕಿವಿ ಬೇಕು. ನಾನು ಪೆನ್ಸಿಲ್ ಹಿಡಿದು ಹೊದಿಕೆಯ ನಕಲಿನ ಅಂಚಿನಲ್ಲಿ ಗುರುತು ಹಾಕುತ್ತಿದ್ದೇನೆ: ಇಲ್ಲಿ ಘಟ, ಇಲ್ಲಿ ಖಂಜಿರ, ಇಲ್ಲಿ ಇನ್ನೊಮ್ಮೆ ಕೇಳಬೇಕು.