ಎದೆಯೊಳಗಿನ ಯಂತ್ರ ಮಾರಾಟಕ್ಕಿದ್ದಾಗ: ಗೈಡೆಂಟ್ ಖರೀದಿಯ ಕಥೆ

ನಮ್ಮ ಕಡೆಯ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದು ಆಮೇಲೆ. ಸಾವಿರಾರು ಕೋಟಿಯ ಕಂಪನಿ ಕೊಳ್ಳುವವರು ಇದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಾರೆ ಎಂದು ನಾವು ನಂಬಿದ್ದೆವು. ಅಮೆರಿಕದ ಗೈಡೆಂಟ್ ಕಂಪನಿ ಮಾರಾಟವಾದ ಬಗೆಯನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಇಂಡಿಯಾನಾಪೊಲಿಸ್ ನಗರದ ಗೈಡೆಂಟ್, ಔಷಧ ಕಂಪನಿ ಇಲೈ ಲಿಲ್ಲಿಯಿಂದ 1990ರ ದಶಕದಲ್ಲಿ ಬೇರೆಯಾದ ಸಂಸ್ಥೆ. ಸ್ಟೆಂಟ್, ಪೇಸ್‌ಮೇಕರ್, ಡಿಫಿಬ್ರಿಲೇಟರ್ ತಯಾರಿಸುತ್ತಿತ್ತು. ಡಿಫಿಬ್ರಿಲೇಟರ್ ಎಂದರೆ ಎದೆಯ ಚರ್ಮದಡಿ ಕೂರಿಸುವ ಪುಟ್ಟ ಪೆಟ್ಟಿಗೆ. ಹೃದಯ ಲಯ ತಪ್ಪಿದಾಗ ಅದು ವಿದ್ಯುತ್ ಆಘಾತ ಕೊಟ್ಟು ಜೀವ ಉಳಿಸಬೇಕು. ವರ್ಷಗಟ್ಟಲೆ ಸುಮ್ಮನಿದ್ದರೂ ಬೇಕಾದ ಒಂದು ಗಳಿಗೆಯಲ್ಲಿ ಕೈಕೊಡಬಾರದು.

2004ರ ಡಿಸೆಂಬರ್‌ನಲ್ಲಿ ಜಾನ್ಸನ್ ಆ್ಯಂಡ್ ಜಾನ್ಸನ್ ಈ ಕಂಪನಿಯನ್ನು 2,540 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಮೂರು ತಿಂಗಳ ನಂತರ ಯೂಟಾ ರಾಜ್ಯದಲ್ಲಿ ಸೈಕಲ್ ತುಳಿಯುತ್ತಿದ್ದ 21 ವರ್ಷದ ವಿದ್ಯಾರ್ಥಿಯೊಬ್ಬ ಕುಸಿದು ಸತ್ತ. ಅವನ ಎದೆಯಲ್ಲಿ ಗೈಡೆಂಟ್‌ನ ವೆಂಟಾಕ್ ಪ್ರಿಸಂ 2 ಡಿಆರ್ ಯಂತ್ರವಿತ್ತು. ಆಘಾತ ಕೊಡಬೇಕಾದ ಹೊತ್ತಿನಲ್ಲಿ ಅದು ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿತ್ತು.

ಅವನಿಗೆ ಚಿಕಿತ್ಸೆ ನೀಡುತ್ತಿದ್ದ ಮಿನಿಯಾಪೊಲಿಸ್‌ನ ವೈದ್ಯರು ಕಂಪನಿಯನ್ನು ಪ್ರಶ್ನಿಸಿದಾಗ ವಿಷಯ ಹೊರಬಿತ್ತು. ಈ ದೋಷ ಗೈಡೆಂಟ್‌ಗೆ 2002ರಲ್ಲೇ ಗೊತ್ತಿತ್ತು. ಹೊಸ ಯಂತ್ರಗಳಲ್ಲಿ ಅದನ್ನು ಸರಿಪಡಿಸಿಯೂ ಇತ್ತು. ಆದರೆ ಹಳೆಯ ದಾಸ್ತಾನನ್ನು ಮಾರುವುದು ನಿಲ್ಲಿಸಲಿಲ್ಲ, ವೈದ್ಯರಿಗೂ ಹೇಳಲಿಲ್ಲ. ಉಳಿದ ರೋಗಿಗಳಿಗೆ ತಿಳಿಸಿ ಎಂದು ಆ ವೈದ್ಯರು ಕೇಳಿದರೂ ಕಂಪನಿ ಒಪ್ಪಲಿಲ್ಲ. 2005ರ ಮೇ 24ರಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ವರದಿ ಬರಲಿದೆ ಎಂದು ತಿಳಿದ ಮೇಲಷ್ಟೇ ಕಂಪನಿ ವೈದ್ಯರಿಗೆ ಪತ್ರ ಬರೆಯಿತು. ಆಗ ಆ ಮಾದರಿಯ ಯಂತ್ರ ಸುಮಾರು 24,000 ಜನರ ಎದೆಯಲ್ಲಿತ್ತು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ ಭಾಗ. ಕಂಪನಿಯ ಬೆಲೆ ಕಟ್ಟುವಾಗ ಲಾಭ, ಮಾರುಕಟ್ಟೆಯ ಪಾಲು, ಪೇಟೆಂಟ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವೈದ್ಯಕೀಯ ಉಪಕರಣದ ಕಂಪನಿಯ ನಿಜವಾದ ಆರೋಗ್ಯ ಇರುವುದು ಬೇರೆ ಕಡತಗಳಲ್ಲಿ: ಆಸ್ಪತ್ರೆಗಳಿಂದ ಬಂದ ದೂರುಗಳು, ಕೆಟ್ಟು ವಾಪಸಾದ ಯಂತ್ರಗಳ ಪರೀಕ್ಷಾ ವರದಿ, ವಿನ್ಯಾಸ ಯಾವಾಗ ಏಕೆ ಬದಲಾಯಿತು ಎಂಬ ದಾಖಲೆ, ನಿಯಂತ್ರಕರ ಪತ್ರಗಳು. 2002ರ ಆ ಚಿಕ್ಕ ಬದಲಾವಣೆಯನ್ನು ಯಾರಾದರೂ ಹಿಡಿದು ‘ಏಕೆ ಬದಲಾಯಿಸಿದಿರಿ, ಹಳೆಯವು ಏನಾದವು’ ಎಂದು ಕೇಳಿದ್ದರೆ ಸಾಕಿತ್ತು.

ದೋಷ ಬಯಲಾದ ಮೇಲೆ ಜಾನ್ಸನ್ ದರ ಇಳಿಸಿತು. ನವೆಂಬರ್‌ನಲ್ಲಿ 2,150 ಕೋಟಿ ಡಾಲರಿಗೆ ಹೊಸ ಒಪ್ಪಂದವಾಯಿತು. ಅಷ್ಟರಲ್ಲಿ ಬಾಸ್ಟನ್ ಸೈಂಟಿಫಿಕ್ ಪೈಪೋಟಿಗೆ ಇಳಿಯಿತು. ಡಿಸೆಂಬರ್‌ನಲ್ಲಿ ಷೇರಿಗೆ 72 ಡಾಲರ್ ಎಂದಿತು, ಜನವರಿಯಲ್ಲಿ 80 ಎಂದಿತು. ದೋಷ ಗೊತ್ತಾದ ಮೇಲೆಯೂ ಬೆಲೆ ಮೊದಲಿಗಿಂತ ಮೇಲೇರಿ 2,700 ಕೋಟಿ ಡಾಲರ್ ಮುಟ್ಟಿತು. ಒಪ್ಪಂದ ಮುರಿದದ್ದಕ್ಕೆ ಜಾನ್ಸನ್‌ಗೆ ಕೊಡಬೇಕಾದ 70.5 ಕೋಟಿ ಡಾಲರ್ ಬೇರೆ. ಹರಾಜಿನಲ್ಲಿ ಜಿದ್ದಿಗೆ ಬಿದ್ದವರು ಹಲ್ಲು ಎಣಿಸುವುದನ್ನು ಮರೆಯುತ್ತಾರೆ.

2006ರ ಏಪ್ರಿಲ್‌ನಲ್ಲಿ ಖರೀದಿ ಮುಗಿಯಿತು. ಸ್ಟೆಂಟ್ ವಿಭಾಗ ಅಬಾಟ್ ಕಂಪನಿಗೆ ಹೋಯಿತು. ಜೂನ್‌ನಲ್ಲೇ ಗೈಡೆಂಟ್‌ನ ಇನ್ನಷ್ಟು ಯಂತ್ರಗಳನ್ನು ವಾಪಸ್ ಕರೆಸಬೇಕಾಯಿತು. 2007ರಲ್ಲಿ ರೋಗಿಗಳ ಮೊಕದ್ದಮೆಗಳ ಇತ್ಯರ್ಥಕ್ಕೆ 24 ಕೋಟಿ ಡಾಲರ್‌ವರೆಗೆ ಕೊಡಲು ಬಾಸ್ಟನ್ ಒಪ್ಪಿತು. ಖರೀದಿಗೆ ಹೆಚ್ಚು ಕೊಟ್ಟ ಹಣದಲ್ಲಿ 2008ರ ಕೊನೆಗೆ ಸುಮಾರು 260 ಕೋಟಿ, 2010ರಲ್ಲಿ ಸುಮಾರು 180 ಕೋಟಿ ಡಾಲರನ್ನು ಪುಸ್ತಕದಿಂದ ಹೊಡೆದುಹಾಕಿತು. ನಿಯಂತ್ರಕರಿಂದ ಮಾಹಿತಿ ಮರೆಮಾಚಿದ ಪ್ರಕರಣದಲ್ಲಿ ಗೈಡೆಂಟ್ ತಪ್ಪೊಪ್ಪಿಕೊಂಡು, 2011ರ ಜನವರಿಯಲ್ಲಿ 29.6 ಕೋಟಿ ಡಾಲರ್ ದಂಡ ಬಿತ್ತು. ಮಾರಿದವರು ಹಣ ಎಣಿಸಿಕೊಂಡು ಹೋಗಿದ್ದರು, ತಪ್ಪಿನ ಹೊರೆ ಕೊಂಡವರ ಹೆಗಲೇರಿತು.

ಕೊಂಡವರು ಕಳೆದುಕೊಂಡದ್ದು ಹಣ. ಎದೆಯಲ್ಲಿ ಯಂತ್ರವಿದ್ದವರ ಪಾಡು ಬೇರೆ. ತೆಗೆಸಿದರೆ ಶಸ್ತ್ರಚಿಕಿತ್ಸೆಯ ಅಪಾಯ, ಬಿಟ್ಟರೆ ದಿನವೂ ಭಯ. ವ್ಯಾಪಾರದ ಮೇಜಿನ ಸುತ್ತ ಅವರಿಗೆ ಕುರ್ಚಿಯೇ ಇರಲಿಲ್ಲ. ಅವರ ಪರವಾಗಿ ಪ್ರಶ್ನೆ ಕೇಳಿದ್ದು ಇಬ್ಬರು ವೈದ್ಯರು ಮತ್ತು ಒಂದು ಪತ್ರಿಕೆ.

ಜಿಲ್ಲೆಯಲ್ಲಿ ಕೂತು ಸುದ್ದಿ ಕಳಿಸುವ ನಮಗೆ ‘ಇಷ್ಟು ಕೋಟಿಗೆ ಮಾರಾಟ’ ಎಂಬ ಪ್ರಕಟಣೆ ಬಂದರೆ ಎರಡು ಕಾಲಂ ತುಂಬಿಸುವುದು ಸುಲಭ. ಡಿಪ್ಲೊಮಾ ತರಗತಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಕೇಳಲು ಕಲಿಸಿದರು. ಗೈಡೆಂಟ್ ಕಥೆ ಓದಿದ ಮೇಲೆ ಆ ಪಟ್ಟಿಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇವೆ: ಈ ಕಾರ್ಖಾನೆಗೆ ವಾಪಸ್ ಬಂದ ಮಾಲು ಎಷ್ಟು, ಏಕೆ ಬಂತು?